ಹಾಲೆಂಡಿನ ಗೆಜ್ಜೆಕೋಲಿಗೆ ನಮ್ಮೂರ ಭಂಡಾರ

ಕುರಿಯ ಹಿಂದೆ ತಿರುಗಿದ ಕಾಲು ಇವು. ಬಾದಾಮಿಯ ಕೆಂಪು ಗುಡ್ಡ, ಮಲಪ್ರಭೆಯ ದಂಡೆ, ಸುಗ್ಗಿ ಮುಗಿದ ಮೇಲೆ ಹುನಗುಂದದ ಕಡೆಯ ಕರಿ ಹೊಲ. ಇಷ್ಟೇ ನನ್ನ ದೇಶಾಟನೆ. ಅದೇ ಕಾಲು ಈಗ ಹಾಲೆಂಡಿನ ಇಟ್ಟಿಗೆ ದಾರಿ ತುಳಿದು ಬಂದಿವೆ. ಬಂದು ವಾರಗಳಾದರೂ ಹಿಗ್ಗು ಇಳಿದಿಲ್ಲ. ದವಾಖಾನೆಗೆ ಹೋದರೆ ಡಾಕ್ಟರಿಗೆ ಮೊದಲು ಹಾಲೆಂಡಿನ ಸುದ್ದಿ ಹೇಳಿ, ಆಮೇಲೆ ಮಂಡಿನೋವು ಹೇಳುತ್ತೇನೆ. ನನ್ನ ಮಗಳು ಶಾಂತಾ ನವನಗರದ ಶಾಲೆಯಲ್ಲಿ ಕನ್ನಡ ಕಲಿಸುವವಳು. "ಅವ್ವಾ, ಸಿಕ್ಕಸಿಕ್ಕವರಿಗೆಲ್ಲಾ ಹೇಳಿ ಗಂಟಲ ಹರ್ಕೋಬ್ಯಾಡ, ಬರದ ಬಿಡ" ಎಂದಳು. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಆದರೂ ಬರೆದೆ. ಒತ್ತು, ದೀರ್ಘ ಅವಳು ತಿದ್ದಿದ್ದಾಳೆ. ಹಿಗ್ಗು ಮಾತ್ರ ನನ್ನದು, ಅದನ್ನು ತಿದ್ದಲು ಬಿಟ್ಟಿಲ್ಲ.

ಕುಳಗೇರಿ ಕ್ರಾಸ್

ನಮ್ಮೂರು ಕುಳಗೇರಿ ಕ್ರಾಸಿನಿಂದ ಒಳಗೆ. ಆ ದಿನ ಕ್ರಾಸಿನ ಚಹಾದಂಗಡಿಯ ಮುಂದೆ ಬಸ್ಸಿಗೆ ಕಾಯುತ್ತ ಕುಳಿತಿದ್ದೆ, ಫೋನು ಬಂತು. ಶಾಂತಾಳ ಮಗಳು ರೇಣುಕಾ, ನಮ್ಮ ರೇಣಿ. ಹಾಲೆಂಡಿನಲ್ಲಿ ಆಕಾಶದ ಚುಕ್ಕಿಗಳ ಬಗ್ಗೆ ಓದುತ್ತಿದ್ದವಳು ಓದಿ ಓದಿ ಕಡೆಯ ಪರೀಕ್ಷೆಗೆ ಬಂದು ನಿಂತಿದ್ದಳು.

"ಆಯಿ, ಪರೀಕ್ಷಾದಾಗ ನನ್ನ ಪಕ್ಕ ನಿಂದರತೀಯೇನ?"

"ಯಾಕವಾ, ಕಾಪಿ ಹೊಡಸಾಕೇನ?" ಎಂದೆ. ಚಹಾ ಸೋಸುತ್ತಿದ್ದವನು ನಕ್ಕು ಅರ್ಧ ಚಹಾ ಹೊರಗೇ ಚೆಲ್ಲಿದ.

ಆಮೇಲೆ ತಿಳಿಯಿತು. ಆ ದೇಶದಲ್ಲಿ ಡಾಕ್ಟರೇಟು ಪಡೆಯುವವರು ತುಂಬಿದ ಸಭೆಯಲ್ಲಿ ನಿಂತು, ಕರಿ ನಿಲುವಂಗಿ ತೊಟ್ಟ ಹಿರಿಯರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಂತೆ. ಅಂಥ ಹೊತ್ತಿನಲ್ಲಿ ಯಾರೂ ಒಂಟಿಯಾಗಿ ನಿಲ್ಲಬಾರದು ಎಂದು ಅವರಲ್ಲಿ ಹಳೆಯ ರೂಢಿ. ಎಡಕ್ಕೊಬ್ಬರು, ಬಲಕ್ಕೊಬ್ಬರು ತಮ್ಮವರು ನಿಲ್ಲುತ್ತಾರೆ, ನಮ್ಮ ಮದುವೆಯಲ್ಲಿ ಮದುಮಗಳ ಪಕ್ಕ ಕಳಸಗಿತ್ತಿ ನಿಂತ ಹಾಗೆ. ಒಂದು ಬದಿಗೆ ರೇಣಿಯ ಗೆಳತಿ, ಇನ್ನೊಂದು ಬದಿಗೆ ನಾನು.

"ನಿಮ್ಮವ್ವನ ಕರಿಯವಾ, ಕಲತಾಕಿ ಅದಾಳ" ಎಂದೆ.

"ಅವ್ವಗ ಹತ್ತನೇತ್ತೆ ಪರೀಕ್ಷಾ ಕೆಲಸ, ರಜಾ ಸಿಗೂದಿಲ್ಲ. ಸಿಕ್ಕಿದ್ರೂ ಆಕಿ ಮುಂದ ಕುಂದರತಿದ್ಲು. ಪಕ್ಕ ನಿಂದರೂದು ನೀನ. ಕುರಿ ಹಿಂದ ನನ್ನ ಕೈ ಹಿಡಕೊಂಡು ಯಾರ ನಡದಿದ್ರು?"

ಬಸ್ಸು ಬಂದು ಹೋಯಿತು. ನಾನು ಹತ್ತಲೇ ಇಲ್ಲ.

ಬರೀ ನಿಲ್ಲುವುದಾಗಿದ್ದರೆ ಹೆದರಿಕೆ ಇರಲಿಲ್ಲ. ನಿಲ್ಲುವುದು ನನ್ನ ಕಸುಬೇ. ಆದರೆ ಅಲ್ಲಿ ಇನ್ನೊಂದು ಪದ್ಧತಿ. ಓದಿ ಕಂಡದ್ದನ್ನೆಲ್ಲ ಪುಸ್ತಕ ಮಾಡಿ, ಅದರ ಜೊತೆಗೆ ಓದಿದವರು ತಮ್ಮ ನಂಬಿಕೆಯ ಕೆಲವು ಮಾತುಗಳನ್ನು ಬರೆದಿಡಬೇಕು. ಹಿರಿಯರು ಬೇಕೆನಿಸಿದರೆ ಆ ಮಾತುಗಳ ಮೇಲೂ ಪ್ರಶ್ನೆ ಹಾಕುತ್ತಾರೆ. ಆಗ ಆ ಮಾತನ್ನು ಪಕ್ಕದಲ್ಲಿ ನಿಂತವರು ಗಟ್ಟಿಯಾಗಿ ಓದಬೇಕು. ರೇಣಿ ಒಂದು ಮಾತನ್ನು ನನಗೆಂದೇ ಇಟ್ಟಿದ್ದಳು. ಇಂಗ್ಲಿಷ್ ಮಾತು, ಕನ್ನಡ ಅಕ್ಷರದಲ್ಲಿ ಬರೆದು ಕಳಿಸಿದಳು: "ಎ ಫ್ಲಾಕ್ ಕ್ಯಾನ್ ಬಿ ನೋನ್ ವಿದೌಟ್ ಕೌಂಟಿಂಗ್." ಎಣಿಸದೆಯೂ ಹಿಂಡನ್ನು ಅರಿಯಬಹುದು ಎಂದು ಅರ್ಥವಂತೆ.

ಇದು ನಮ್ಮ ಮನೆಯದೇ ಮಾತು. ನಾವು ಕುರಿ ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆ. ಸಂಜೆ ಹಿಂಡು ದೊಡ್ಡಿಗೆ ಬರುವಾಗ ಬಾಗಿಲಲ್ಲಿ ನಿಂತು ಸಾಲು ನೋಡುತ್ತೇವೆ. ಎಲ್ಲೋ ಒಂದು ಕಡೆ ಸಾಲು ಸಡಿಲಾಗಿ ಕಂಡರೆ ಒಂದು ತಪ್ಪಿಸಿಕೊಂಡಿದೆ ಎಂದು ತಿರುಗಿ ಹುಡುಕಲು ಹೋಗುತ್ತೇವೆ. ರೇಣಿ ಚಿಕ್ಕವಳಿದ್ದಾಗ ಬೆರಳು ಮಾಡಿ ಒಂದು, ಎರಡು ಎನ್ನಲು ಹೋಗಿ ನನ್ನಿಂದ ಬೆರಳಿಗೆ ಪೆಟ್ಟು ತಿಂದವಳು. ಅದನ್ನು ಹಾಲೆಂಡಿನ ಪುಸ್ತಕಕ್ಕೆ ಏರಿಸಿಬಿಟ್ಟಿದ್ದಳು ಹುಡುಗಿ!

ಹಗಲೆಲ್ಲ ಅದನ್ನೇ ಬಾಯಿಪಾಠ ಮಾಡಿದೆ. ರೊಟ್ಟಿ ಬಡಿಯುವಾಗ ಫ್ಲಾಕ್, ಕಸ ಹೊಡೆಯುವಾಗ ಕೌಂಟಿಂಗ್. ನಮ್ಮ ಯಜಮಾನರು ಕಡ್ಡಿಯಿಂದ ಹಲ್ಲು ಕೆದಕುತ್ತ ನೋಡಿದರು.

"ಟಗರ ಸುದ್ದಾ ಇಂಗ್ಲಿಷ್ ಕಲ್ತಾತು. ಹೋಗಿ ಬಾ, ಕುರಿ ನಾ ನೋಡ್ಕೋತೇನಿ. ನಿನ್ನ ಬಾಯಿ ಒಂದ ಹಿಡದಿಟ್ಕೊ. ಕೂಸಿನ ಇಷ್ಟ ವರ್ಷದ ದುಡಿತ ಐತಿ."

ಅದೇ ನನ್ನ ಎದೆಯೊಳಗೂ ಇದ್ದದ್ದು. ನಾನು ಆ ಮಾತು ತಪ್ಪಿದರೆ, ಮಂದಿ ನಕ್ಕರೆ, ಹಿರಿಯರು ಮುಖ ಕಿವುಚಿದರೆ, ಮಗುವಿನ ಪದವಿಗೆ ನನ್ನಿಂದ ಕಲ್ಲು ಬೀಳುತ್ತದೆ.

ಇಳಕಲ್ಲಿಗೆ ಹೋಗಿ ಸೀರೆ ತಂದೆವು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಷ್ಟರಲ್ಲಿ ಇಳಿದು ಕರದಂಟು ಕಟ್ಟಿಸಿದೆವು. ಹೊರಡುವ ಮುಂಜಾನೆ ಬೀರಪ್ಪನ ಗುಡಿಗೆ ಹೋಗಿ, ಪೂಜಾರಿ ಕೊಟ್ಟ ಭಂಡಾರ, ಅಂದರೆ ದೇವರ ಅರಿಸಿನಪುಡಿ, ಸೊಂಟದ ಸಂಚಿಗೆ ತುಂಬಿಕೊಂಡೆ.

ವಿಮಾನದಾಚೆ ಒಂದು ನಾಯಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನಗಾಗಿ ಗಾಲಿ ಕುರ್ಚಿ ತಂದು ನಿಲ್ಲಿಸಿದರು. ಇಂಗ್ಲಿಷ್ ಬೋರ್ಡು ಓದಲು ಬಾರದವಳು ದಾರಿ ತಪ್ಪಬಾರದೆಂದು ರೇಣಿಯೇ ಹೇಳಿಸಿದ್ದಳು. ಕುರಿ ಹಿಂದೆ ಜಿಲ್ಲೆಯಿಂದ ಜಿಲ್ಲೆಗೆ ನಡೆದವಳು ನಾನು, ಕುರ್ಚಿಯಲ್ಲಿ ಕುಳಿತು ತಳ್ಳಿಸಿಕೊಳ್ಳಲೇ? ಗಂಟುಗಳನ್ನು ಕುರ್ಚಿಯಲ್ಲಿ ಕೂಡಿಸಿ ನಾನೇ ತಳ್ಳಿದೆ. ತಳ್ಳಲು ಬಂದ ಹೆಂಗಸು ಕೈಬೀಸಿಕೊಂಡು ಪಕ್ಕದಲ್ಲಿ ನಡೆದಳು. ಆಕೆ ಹುಬ್ಬಳ್ಳಿ ಕಡೆಯವಳು. "ಆಯೀ, ಸಾಹೇಬ್ರು ನೋಡಿದ್ರ ನನ್ನ ಬೈತಾರ, ಅಲ್ಲಿ ಕ್ಯಾಮರಾ ಕೆಳಗರ ಒಂದ ಗಳಿಗಿ ಕುಂದರ್ರಿ" ಎಂದಳು. ಆಕೆಯ ಸಲುವಾಗಿ ಕ್ಯಾಮರಾ ಕೆಳಗೆ ಕುಳಿತೆ. ದಾಟಿದ ಮೇಲೆ ಮತ್ತೆ ಎದ್ದೆ.

ವಿಮಾನದ ಸುದ್ದಿ ಹೇಳುವುದಿಲ್ಲ. ಕಿವಿ ಕಟ್ಟಿತು, ಕಿವಿ ಬಿಟ್ಟಿತು, ಅಷ್ಟೇ.

ಆಚೆ ಇಳಿದು ಸಾಮಾನು ತೆಗೆದುಕೊಂಡು ಬರುವಾಗ, ಜೋಲುಕಿವಿಯ ನಾಯಿಯೊಂದು ಸಮವಸ್ತ್ರದವನ ಹಗ್ಗ ಎಳೆದುಕೊಂಡು ಬಂದು ನನ್ನ ಗಂಟು ಮೂಸಿತು. ಮೂಸಿ ಅಲ್ಲೇ ಕುಳಿತುಬಿಟ್ಟಿತು. ಗಂಟಿನಲ್ಲಿ ನನ್ನ ಕರಿ ಕಂಬಳಿ. ಕುರಿ, ನಾಯಿ, ಹೊಗೆ ಎಲ್ಲದರ ವಾಸನೆಯೂ ಅದರಲ್ಲಿದೆ. ಪರದೇಶದಲ್ಲಿ ಮೊದಲು ಗುರುತು ಹಿಡಿದದ್ದು ನಾಯಿಯಲ್ಲವೇ! "ಬಾರಲೇ ನನ್ನ ಕರಿಯಾ" ಎಂದು ತಲೆ ನೇವರಿಸಿದೆ. ಅದು ಬಾಲ ಅಲ್ಲಾಡಿಸಿತು, ಸಮವಸ್ತ್ರದವನು ತಲೆ ಅಲ್ಲಾಡಿಸಿದ. ಕೆಲಸದ ನಾಯಿಯನ್ನು ಮುಟ್ಟಬಾರದಂತೆ. ಗಂಟು ಬಿಚ್ಚಿಸಿದ. ಕಟಕ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಸೊಂಟದ ಸಂಚಿ ಬಿಚ್ಚಿಸಿ ಹಳದಿ ಪುಡಿ ಮೂಸಿದ. ನಾನು ಬೆರಳಿನಿಂದ ಒಂದು ಚಿಟಿಕೆ ತೆಗೆದು ನನ್ನ ಹಣೆಗೆ ಹಚ್ಚಿ ತೋರಿಸಿದೆ, ಮತ್ತೆ ಒಂದು ಚಿಟಿಕೆ ಅವನ ಹಣೆಯ ಕಡೆ ಚಾಚಿದೆ. ಅವನು ಸರಕ್ಕನೆ ಹಿಂದೆ ಸರಿದು, ನಕ್ಕು, ಹೋಗಿ ಹೋಗಿ ಎಂದು ಕೈ ಮಾಡಿದ. ಬಾಗಿಲಾಚೆ ರೇಣಿ ನಿಂತಿದ್ದಳು. ಅವಳನ್ನು ಅಪ್ಪಿಕೊಂಡಾಗ ನನಗೆ ತಿಳಿದ ಇಂಗ್ಲಿಷೆಲ್ಲ ಒಮ್ಮೆ ಮರೆತುಹೋಯಿತು.

ನೀರನ್ನು ಎಬ್ಬಿಸಿ ಕಳಿಸಿದ ಊರು

ಬಾಗಲಕೋಟೆಯ ಹಳೆ ಊರಿಗೆ ಹಿನ್ನೀರು ಬಂತು, ಮಂದಿ ಎದ್ದು ನವನಗರಕ್ಕೆ ಹೋದರು. ಇಲ್ಲಿ ಮಂದಿ ಬಂದು ನೀರನ್ನೇ ಎಬ್ಬಿಸಿ ಕಳಿಸಿದ್ದಾರೆ. ನಾವು ನಿಂತ ನೆಲ ಸಮುದ್ರಕ್ಕಿಂತ ಕೆಳಗಿದೆ ಎಂದು ರೇಣಿ ಹೇಳಿದಾಗ ನಾನು ಸೀರೆಯ ನೆರಿಗೆ ಎತ್ತಿ ಹಿಡಿದೆ. ಊರ ತುಂಬ ಕಾಲುವೆ, ಕಾಲುವೆಯಲ್ಲಿ ಬಾತುಕೋಳಿ, ದಂಡೆಯಲ್ಲಿ ಸೈಕಲ್ಲು. ಮುದುಕಿಯರೂ ಸೈಕಲ್ಲಿನ ಮೇಲೆ. ನನ್ನ ವಾರಿಗೆಯವಳೊಬ್ಬಳು ಎದುರುಗಾಳಿಗೆ ತಲೆ ಬಗ್ಗಿಸಿ ತುಳಿಯುತ್ತ ಹೋದದ್ದು ನೋಡಿ, ನನ್ನ ಮಂಡಿನೋವಿಗೆ ನಾಚಿಕೆ ಬಂದು ಒಂದು ದಿನ ಸುಮ್ಮನಿತ್ತು.

ರೇಣಿಯ ಖೋಲಿ ಮೇಲಿನ ಮಾಳಿಗೆಯಲ್ಲಿ. ಮೆಟ್ಟಿಲು ಎಂದು ಅವರು ಕರೆಯುವುದಕ್ಕೆ ನಾವು ಏಣಿ ಎನ್ನುತ್ತೇವೆ. ಇಳಿಯುವಾಗ ಅಟ್ಟದಿಂದ ಇಳಿಯುವ ಹಾಗೆ ಹಿಂದುಮುಂದಾಗಿ ಇಳಿದೆ. ಕೆಳಮನೆಯ ಗೃಹಸ್ಥ ಮೇಲೆ ಬರುತ್ತಿದ್ದವನು ನನ್ನ ಹಿಮ್ಮಡಿಗೆ ನಮಸ್ಕಾರ ಹೇಳಿ ಹಾಗೆಯೇ ವಾಪಸು ಇಳಿದ.

ಕಿಟಕಿಗೆ ಪರದೆ ಎಳೆಯುವುದಿಲ್ಲ ಆ ಮಂದಿ. ಬೀದಿಯಲ್ಲಿ ಹೋಗುವಾಗ ಅವರ ಉಣ್ಣುವ ಮೇಜು, ಬೆಕ್ಕು, ಅಜ್ಜನ ಚಪ್ಪಲಿ ಎಲ್ಲ ಕಾಣುತ್ತವೆ. ನಾನು ನಿಂತು ನೋಡಿದೆ. "ಆಯಿ, ನೋಡಬಾರದ" ಎಂದು ರೇಣಿ ಎಳೆದಳು. ನೋಡಬಾರದು ಎಂದಿದ್ದರೆ ತೆರೆದಿಡುವುದು ಯಾಕೆ? ಮುಂಜಾನೆ ಬ್ರೆಡ್ಡಿನ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಚಾಕಲೇಟಿನ ಚೂರು ಸಾಸಿವೆಯಂತೆ ಉದುರಿಸಿಕೊಂಡು ದೊಡ್ಡವರೂ ತಿನ್ನುತ್ತಾರೆ. ರೇಣಿಯ ಗೆಳತಿ ಮಾರ್ಯಾಳ ಮನೆಗೆ ಹೋದಾಗ ಆಕೆಯ ತಾಯಿ ಕಾಫಿಯ ಜೊತೆ ಬಿಸ್ಕೀಟಿನ ಡಬ್ಬಿ ಹಿಡಿದಳು. ಒಂದು ತೆಗೆದುಕೊಂಡೆ, ಡಬ್ಬಿ ಮುಚ್ಚಿತು. ಅದು ಅವರ ರೀತಿ. ನಾನೂ ಕರದಂಟಿನ ಡಬ್ಬಿ ತೆಗೆದು ನಮ್ಮ ರೀತಿ ತೋರಿಸಿದೆ: ಒಂದು ಕೈಗೆ, ಇನ್ನೊಂದು ತಟ್ಟೆಗೆ, ಬೇಡ ಎಂದ ಮೇಲೆ ಮತ್ತೊಂದು. ಆ ತಾಯಿ ಬೆಲ್ಲದ ಅಂಟು ಬಿಡಿಸಿಕೊಳ್ಳುತ್ತ ಮಾತಿಲ್ಲದೆ ಕುಳಿತಳು. ಕಣ್ಣು ಮಾತ್ರ ನಗುತ್ತಿದ್ದವು.

ಒಂದು ವಿಚಿತ್ರ. ಚುಕ್ಕಿ ಓದುವ ಊರಿಗೆ ಹೋಗಿ ನಾನು ಒಂದಾದರೂ ಚುಕ್ಕಿ ಕಾಣಲಿಲ್ಲ. ಬರೀ ಮೋಡ. "ಇಲ್ಲಿ ಏನ ನೋಡತೀಯವಾ ನೀ?" ಎಂದು ಕೇಳಿದೆ. ದೂರದ ದೇಶಗಳ ಬೆಟ್ಟದ ಮೇಲೆ ದೊಡ್ಡ ದುರ್ಬೀನುಗಳಿವೆಯಂತೆ. ಅವು ನೋಡಿದ್ದು ಇವಳ ಕಂಪ್ಯೂಟರಿಗೆ ಬರುತ್ತದಂತೆ.

ಕುರಿಗಾರನಿಲ್ಲದ ಹಿಂಡು

ಪರೀಕ್ಷೆಯ ಹಿಂದಿನ ದಿನ ರೇಣಿಯ ಮುಖ ಬಾಡಿತ್ತು. "ನಡಿ, ನಿನ್ನ ಮಂದಿನ್ನ ಭೆಟ್ಟಿ ಮಾಡಸ್ತೇನಿ" ಎಂದು ಊರ ಹೊರಗಿನ ಬಯಲಿಗೆ ಕರೆದೊಯ್ದಳು. ಕುರಿ! ಬಿಳಿ ಬಿಳಿ, ದುಂಡು ದುಂಡು, ಆಗತಾನೆ ಹುಟ್ಟಿದ ಮರಿಗಳು. ನಾನು ಸುತ್ತ ನೋಡಿದೆ. ಕುರಿಗಾರನಿಲ್ಲ, ನಾಯಿಯಿಲ್ಲ, ಬೇಲಿಯಿಲ್ಲ. ಆಚೆಯ ಹುಲ್ಲು ಈಚೆಯದಕ್ಕಿಂತ ಹಸಿರಾಗಿದೆ, ಒಂದಾದರೂ ದಾಟುತ್ತಿಲ್ಲ. ನಮ್ಮವಾಗಿದ್ದರೆ ಇಷ್ಟೊತ್ತಿಗೆ ಮೂರು ಹೊಲ ಮೇಯ್ದು ನಾಲ್ಕು ಜಗಳ ತಂದಿರುತ್ತಿದ್ದವು.

"ಎಷ್ಟ ಶಾಣ್ಯಾ ಅದಾವ್ ನೋಡ" ಎನ್ನುತ್ತ ಒಂದು ಮರಿಯ ಕಡೆ ಹೆಜ್ಜೆ ಇಟ್ಟೆ. ಕಾಲು ಮಂಡಿಯವರೆಗೆ ನೀರಿಗೆ ಹೋಯಿತು. ಹುಲ್ಲಿನ ನಡುವೆ ಸಣ್ಣ ಕಾಲುವೆ! ದಂಡೆಯ ಹುಲ್ಲು ಬಾಗಿ ಮುಚ್ಚಿಬಿಟ್ಟಿತ್ತು. ಬಯಲ ತುಂಬ ಹೀಗೇ ನೀರಿನ ಗೆರೆ ಎಳೆದಿದ್ದಾರೆ. ಅದೇ ಬೇಲಿ. ರೇಣಿ ನನ್ನನ್ನು ಎಳೆದು ಕೂಡಿಸಿ, ಕಾಲು ಒರೆಸುತ್ತ ಬಾಡಿದ ಮುಖದಲ್ಲೇ ನಕ್ಕಳು.

"ಆಯಿ, ದೂರಿಂದ ನಿನಗ ಕಾಲುವಿ ಕಂಡ್ತೇನ?"

"ಕಂಡಿದ್ರ ಬೀಳತಿದ್ದೆನೇನ?"

"ಕುರಿ ದಾಟವಲ್ವು ಅಂಬೂದು ಕಂಡ್ತಿಲ್ಲೋ?"

"ಕಂಡ್ತು."

"ಹಂಗಾರ ಅಲ್ಲಿ ಏನೋ ಐತಿ ಅಂತ ಆತು. ನನ್ನ ಕೆಲಸಾನೂ ಅಷ್ಟ."

ಒದ್ದೆ ಸೀರೆ ಹಿಂಡುತ್ತ ಕೇಳಿದೆ. ನಮ್ಮ ಚುಕ್ಕಿಗಳ ದೊಡ್ಡ ಹಿಂಡು, ನಾವು ಆಕಾಶಗಂಗೆ ಎನ್ನುವುದು, ಗರಗರ ತಿರುಗುತ್ತಿದೆಯಂತೆ. ಆ ರಭಸಕ್ಕೆ ಚುಕ್ಕಿಗಳು ಎಂದೋ ಸಿಡಿದು ಚೆಲ್ಲಾಪಿಲ್ಲಿ ಆಗಬೇಕಿತ್ತು. ಆಗಿಲ್ಲ. ಕಾಣದ್ದೇನೋ ಹಿಡಿದಿಟ್ಟಿದೆ. ಅದು ಬೆಳಕು ಬಿಡುವುದಿಲ್ಲ, ನೆರಳೂ ಬೀಳಿಸುವುದಿಲ್ಲ. ಕಾಣುವುದೆಲ್ಲ ಸೇರಿದರೂ ಅದಕ್ಕಿಂತ ಕಡಿಮೆಯಂತೆ. ಕಪ್ಪು ದ್ರವ್ಯ ಎಂದು ಅದರ ಹೆಸರು. ಒಮ್ಮೊಮ್ಮೆ ಚುಕ್ಕಿಗಳ ಸಣ್ಣ ಗುಂಪೊಂದು ಈ ದೊಡ್ಡ ಹಿಂಡಿನ ಹತ್ತಿರ ಬರುತ್ತದೆ. ದೊಡ್ಡದು ಎಳೆಯುತ್ತದೆ. ಗುಂಪು ಬಿಚ್ಚಿ, ಒಂದರ ಹಿಂದೊಂದು, ಆಕಾಶದಲ್ಲಿ ಉದ್ದನೆಯ ಸಾಲಾಗುತ್ತದೆ. ಬರೀ ಕಣ್ಣಿಗೆ ಕಾಣದಷ್ಟು ಮಸುಕು ಸಾಲು. ಅಂಥ ಸಾಲಿನಲ್ಲಿ ಎಲ್ಲಾದರೂ ತೆರಪು ಬಿದ್ದಿದ್ದರೆ, ಕಾಣದ ಆ ದ್ರವ್ಯದ ಗಡ್ಡೆಯೊಂದು ನಡುವೆ ನುಗ್ಗಿ ಹೋಗಿರಬಹುದು.

"ತೆರಪು ಸಿಕ್ತೇನವಾ?"

"ಒಂದ ಸಾಲಿನ್ಯಾಗ ಸಿಕ್ಕೈತಿ. ಏನೋ ಹಾದ ಹೋಗೇತಿ ಅನ್ನಾಕ ಬರತೈತಿ. ಅದ ಗಡ್ಡಿನ ಹೌದು ಅಂತ ಖಾತ್ರಿ ಹೇಳಾಕ ಬರೂದಿಲ್ಲ."

ಸೀರೆ ಹಿಂಡುವುದನ್ನು ಬಿಟ್ಟು ಅವಳ ಕಡೆ ತಿರುಗಿದೆ. "ಇಷ್ಟ ವರ್ಷಾ ಓದಿ ಖಾತ್ರಿ ಇಲ್ಲಂದ್ರ ಪಾಸ್ ಮಾಡತಾರೇನ?"

"ಖಾತ್ರಿ ಇಲ್ಲದ್ದನ್ನ ಖಾತ್ರಿ ಅಂದ್ರ ನಪಾಸ್ ಮಾಡತಾರ, ಆಯಿ."

ಇದು ನನಗೆ ಭಾಳ ಸೇರಿತು. ನಮ್ಮೂರ ಪಂಚರಿಗೂ ಹೇಳಬೇಕಾದ ಮಾತು.

ಸಭೆಯ ದಿನ

ಪಕ್ಕದಲ್ಲಿ ನಿಲ್ಲುವವರು ಕಪ್ಪು ಉಡಬೇಕು ಎಂದಿದ್ದಳು ರೇಣಿ. ಶುಭಕಾರ್ಯಕ್ಕೆ ಕಪ್ಪು ಉಡಲು ನನಗೆ ಮನಸ್ಸಿಲ್ಲ. ಇಳಕಲ್ ಸೀರೆ ಉಟ್ಟು, ಮೇಲೆ ಕರಿ ಕಂಬಳಿ ಹೊದ್ದೆ. ಕಂಬಳಿ ಬೀರಪ್ಪನದು, ಅದಕ್ಕೆ ಅಶುಭವಿಲ್ಲ. ಅವರ ಪದ್ಧತಿಯೂ ಉಳಿಯಿತು, ನಮ್ಮದೂ ಉಳಿಯಿತು.

ಮೊದಲು ರೇಣಿ, ಬಂದ ಸಾಮಾನ್ಯ ಮಂದಿಗೆ ತಿಳಿಯುವ ಹಾಗೆ ಚಿತ್ರ ತೋರಿಸುತ್ತ ಮಾತಾಡಬೇಕು. ಚುಕ್ಕಿ ಬಂದವು, ಮೋಡದಂಥವು ಬಂದವು. ಆಮೇಲೆ ಪರದೆಯ ತುಂಬ ನಮ್ಮ ಹಿಂಡು! ಕುಳಗೇರಿ ಕ್ರಾಸಿನ ರಸ್ತೆ, ಉದ್ದಕ್ಕೆ ನಮ್ಮ ಕುರಿ, ಕಡೆಗೆ ಧೂಳಿನಲ್ಲಿ ನಾನು ಕೋಲೆತ್ತಿ ನಿಂತಿದ್ದೇನೆ. ಸಾಲಿನ ನಡುವೆ ಒಂದು ತೆರಪು. ಎಂದೋ ರಜೆಗೆ ಬಂದಾಗ ತೆಗೆದ ಫೋಟೋ. ಅವಳು ತೆರಪಿನ ಮೇಲೆ ಬೆಳಕಿನ ಚುಕ್ಕೆ ಇಟ್ಟು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಕೇಳಿದ್ದೇನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಫೋಟೋದಲ್ಲಿ ಬಸ್ಸಿಲ್ಲ, ಹೋಗಿಬಿಟ್ಟಿದೆ. ನುಗ್ಗಿ ಹೋದ ಜಾಗ ಮಾತ್ರ ಉಳಿದಿದೆ. ನಾನು ಕೋಲೆತ್ತಿದ್ದು ಆ ಡ್ರೈವರನಿಗೇ.

"ಬಸ್ಸು! ಹಾರ್ನ್ ಸುದ್ದಾ ಹೊಡಿಲಿಲ್ಲ ಆ ಭಾಡ್ಯಾ!" ಎಂದು ಕೂತಲ್ಲಿಂದಲೇ ಬಾಯಿ ಹೋಯಿತು.

ರೇಣಿ ನಕ್ಕು ಅದನ್ನು ಸಭೆಗೆ ಇಂಗ್ಲಿಷಿನಲ್ಲಿ ಹೇಳಿದಳು. ಬೈಗುಳ ಬಿಟ್ಟಿರಬೇಕು. ಸಭೆ ನಕ್ಕಿತು. ನಾನು ನಾಲಿಗೆ ಕಚ್ಚಿಕೊಂಡೆ. ಯಜಮಾನರ ಮಾತು ನೆನಪಾಯಿತು: ಬಾಯಿ ಒಂದು ಹಿಡಿದಿಟ್ಟುಕೋ.

ಆಗ ಬಾಗಿಲು ತೆರೆಯಿತು. ಎಲ್ಲರೂ ಎದ್ದರು. ಝಲ್ ಝಲ್ ಎಂದು ಸದ್ದು. ಮುಂದೆ ಬೆಳ್ಳಿಕೂದಲಿನ ಎತ್ತರದ ಹೆಣ್ಣುಮಗಳು, ಕರಿ ನಿಲುವಂಗಿ, ಕೈಯಲ್ಲಿ ತಲೆಮಟ್ಟದ ಕೋಲು, ಕೋಲಿನ ತುದಿಗೆ ಬೆಳ್ಳಿ, ಬೆಳ್ಳಿಗೆ ಗೆಜ್ಜೆ. ಹಿಂದೆ ಹಿರಿಯರ ಸಾಲು. ನಮ್ಮೂರಲ್ಲಿ ಬೀರಪ್ಪನ ಪೂಜಾರಿ ಗೆಜ್ಜೆ ಕಟ್ಟಿದ ಬೆತ್ತ ಹಿಡಿದು ಹೊರಬೀಳುವುದು ಹೀಗೆಯೇ. ಆ ಸದ್ದಾದರೆ ಹಾಲು ಕರೆಯುತ್ತಿದ್ದವರೂ ಎದ್ದು ನಿಂತು ಚಾಂಗಭಲೋ ಎಂದು ಜಯಕಾರ ಕೂಗಿ ಭಂಡಾರ ಹಾರಿಸಬೇಕು. ನನ್ನ ಕೈ ತಾನಾಗಿಯೇ ಸಂಚಿಗೆ ಹೋಯಿತು. ಮಾರ್ಯಾ ಮೆಲ್ಲಗೆ ನನ್ನ ಮೊಣಕೈ ಹಿಡಿದಳು. ತಡೆದುಕೊಂಡೆ.

ರೇಣಿ ಮೊದಲೇ ಹೇಳಿದ್ದಳು. ಪ್ರಶ್ನೆಗಳ ಹೊತ್ತು ಮುಗಿದೊಡನೆ ಆ ಕೋಲು ಮತ್ತೆ ಬರುತ್ತದೆ, ಬಂದರೆ ಅರ್ಧ ಮಾತನ್ನೂ ಅಲ್ಲಿಗೇ ನಿಲ್ಲಿಸಬೇಕು. ಅವರಲ್ಲಿ ಕೋಲು ಬಂದರೆ ಬಾಯಿ ಮುಚ್ಚಬೇಕು, ನಮ್ಮಲ್ಲಿ ಕೋಲು ಬಂದರೆ ಬಾಯಿ ತೆರೆಯಬೇಕು. ಇಷ್ಟೇ ಫರಕು.

ಮಾರ್ಯಾಳನ್ನೂ ನನ್ನನ್ನೂ ರೇಣಿಯ ಹಿಂದೆ ಎಡಬಲಕ್ಕೆ ಕೂಡಿಸಿದರು. ಪ್ರಶ್ನೆ ಶುರುವಾದವು. ಒಬ್ಬರಾದ ಮೇಲೆ ಒಬ್ಬರು. ಒಂದು ಅಕ್ಷರವೂ ನನಗೆ ತಿಳಿಯಲಿಲ್ಲ. ರೇಣಿಯ ಬೆನ್ನು ಮಾತ್ರ ನೋಡುತ್ತಿದ್ದೆ. ಬೆನ್ನು ನೆಟ್ಟಗಿದ್ದರೆ ಉತ್ತರ ಬಂದಿದೆ. ಭುಜ ಮೇಲೆದ್ದರೆ ಹುಡುಕುತ್ತಿದ್ದಾಳೆ. ಕಡೆಗೆ ಮೂಗಿನ ತುದಿಗೆ ಚಾಳೀಸು ಇಟ್ಟ ಒಬ್ಬ ಹಿರಿಯರು ಪುಸ್ತಕ ತೆರೆದು ನಗುತ್ತ ಏನೋ ಕೇಳಿದರು. "ಇಡೀ ಪುಸ್ತಕದ ತುಂಬ ಚುಕ್ಕಿ ಎಣಿಸಿದ್ದೀರಿ. ಈಗ ಎಣಿಸುವುದೇ ಬೇಡ ಎನ್ನುತ್ತೀರಲ್ಲ? ಆ ಮಾತನ್ನೊಮ್ಮೆ ಓದಿಸಿ" ಎಂದಿದ್ದು, ನನಗೆ ಆಮೇಲೆ ಗೊತ್ತಾಯಿತು. ಆಗ ಗೊತ್ತಾಗಿದ್ದು ಇಷ್ಟೇ: ರೇಣಿ ತಿರುಗಿ ನನ್ನನ್ನು ನೋಡಿದಳು. ಅವಳ ಭುಜ ಮೇಲೆದ್ದಿತ್ತು.

ಎದ್ದೆ.

ಸಭೆಯ ಕಣ್ಣೆಲ್ಲ ನನ್ನ ಮೇಲೆ. ಕಂಬಳಿ ಸರಿಮಾಡಿಕೊಂಡೆ. ಬೀರಪ್ಪಾ, ನಾಲಿಗೆ ಮೇಲೆ ನಿಂದರಪ್ಪಾ ಎಂದು ಒಳಗೇ ಬೇಡಿಕೊಂಡು ಉಸಿರು ತುಂಬಿಕೊಂಡೆ.

"ಎ ಫ್ಲಾಕ್..."

ಬಾಗಿಲು ತೆರೆಯಿತು. ಝಲ್ ಝಲ್ ಝಲ್! ಕೋಲು ನೆಲಕ್ಕೆ ಧಣ್ ಎಂದಿತು. ಬೆಳ್ಳಿಕೂದಲಿನ ಹೆಣ್ಣುಮಗಳು ಗಟ್ಟಿಯಾಗಿ ಎರಡು ಮಾತು ಹೇಳಿದಳು. ಹೊತ್ತಾಯಿತು ಎಂದಿರಬೇಕು. ನನಗೆ ಕೇಳಿದ್ದು ಗೆಜ್ಜೆಯೊಂದೇ. ತುಂಬಿಕೊಂಡ ಉಸಿರಿತ್ತು, ಬಾಯಿ ತೆರೆದಿತ್ತು, ಬೀರಪ್ಪನನ್ನು ಆಗತಾನೆ ಕರೆದಿದ್ದೆ.

"ಚಾಂಗಭಲೋ!"

ಕೈ ಸಂಚಿಗೆ ಹೋದದ್ದು ನನಗೆ ಗೊತ್ತಿಲ್ಲ. ಗೊತ್ತಾದಾಗ ಭಂಡಾರ ಗಾಳಿಯಲ್ಲಿತ್ತು. ಕೋಲಿನ ಬೆಳ್ಳಿಯ ಮೇಲೆ, ಆಕೆಯ ಕರಿ ಭುಜದ ಮೇಲೆ, ಮುಂದಿನ ಮೇಜಿನ ಮೇಲೆ ಹಳದಿ, ಬರೀ ಹಳದಿ.

ಗೆಜ್ಜೆ ಒಂದು ಕಡೆಯ ಸಲ ಕಿಣಿ ಎಂದಿತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎದ್ದು, ಸಾಲಾಗಿ ಹೊರಗೆ ನಡೆದರು. ಪದವಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು.

ಬಾಗಿಲ ಹೊರಗೆ

ನಮ್ಮನ್ನು ಪಕ್ಕದ ಖೋಲಿಗೆ ಕಳಿಸಿದರು. ರೇಣಿ ಕುರ್ಚಿಯಲ್ಲಿ ಕುಳಿತು ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ನಾನು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ.

"ನನ್ನ ಬಾಯಾಗ ಮಣ್ಣ ಬೀಳಲಿ! ಕೆಡಿಸಿಬಿಟ್ಟೆನೇನ ನನ್ನವ್ವಾ? ಅವರ ಕಾಲ ಬೀಳತೇನಿ, ನನ್ನ ತಪ್ಪು, ಕೂಸಿಂದಲ್ಲ ಅಂತ ಹೇಳತೇನಿ. ಅದಕ್ಕ ಇಂಗ್ಲಿಷನ್ಯಾಗ ಏನಂತಾರ, ಲಗೂನ ಹೇಳಿಕೊಡ."

ರೇಣಿ ಮುಖದಿಂದ ಕೈ ತೆಗೆದಳು. ಅಳುತ್ತಿದ್ದಳು, ಹೌದು. ಆದರೆ ನಗು ತಡೆಯಲಾರದೆ ಬಂದ ಅಳು ಅದು.

"ಆಯಿ, ಆ ಪ್ರಶ್ನಾಕ್ಕ ನನಗ ಉತ್ತರಾನ ಹೊಳಿದಿದ್ದಿಲ್ಲ. ಬೀರಪ್ಪನ್ನ ಕರದು ಪಾರು ಮಾಡಿದಿ."

"ಚ್ಯಾಷ್ಟಿ ಸಾಕು. ಕೊಡತಾರೋ ಇಲ್ಲೋ?"

"ಗೊತ್ತಿಲ್ಲ ಆಯಿ" ಎಂದಳು, ಈಗ ನಗದೆ. ನನ್ನ ಕೈ ಗಟ್ಟಿಯಾಗಿ ಹಿಡಿದಳು. ಚಿಕ್ಕವಳಿದ್ದಾಗ ಹಳ್ಳ ದಾಟುವಾಗ ಹಿಡಿಯುತ್ತಿದ್ದ ಹಾಗೆಯೇ.

ಮತ್ತೆ ಕರೆದರು. ಮತ್ತೆ ಗೆಜ್ಜೆ. ಈ ಸಲ ಮಾರ್ಯಾ ನನ್ನ ಎರಡೂ ಕೈ ಹಿಡಿದುಕೊಂಡಿದ್ದಳು. ನಡುವೆ ಕುಳಿತ ದೊಡ್ಡ ಹಿರಿಯರು ಎದ್ದು ಉದ್ದಕ್ಕೆ ಏನೋ ಓದಿದರು. ರೇಣಿಯ ಬೆನ್ನು ನೋಡಿದೆ. ಅದು ನಿಧಾನಕ್ಕೆ ನೆಟ್ಟಗಾಯಿತು. ಅವಳ ಕೈಗೆ ಕೆಂಪು ಕೊಳವೆ ಬಂತು, ಅದರೊಳಗೆ ಪದವಿಯ ಪತ್ರ. ಸಭೆ ಚಪ್ಪಾಳೆ ಹೊಡೆಯಿತು. ನನ್ನ ಕಣ್ಣಿಗೆ ಅಲ್ಲಿಂದ ಮುಂದೆ ಏನೂ ಸರಿಯಾಗಿ ಕಾಣಲಿಲ್ಲ. ಕಡೆಗೆ ಆ ದೊಡ್ಡವರು ನನ್ನ ಕಡೆ ತಿರುಗಿ ತಲೆ ಬಾಗಿಸಿ ಏನೋ ಹೇಳಿದರು, ಸಭೆ ಮತ್ತೆ ಚಪ್ಪಾಳೆ ಹೊಡೆಯಿತು.

"ಏನಂದ್ರವಾ?"

"ಈ ಕೋಲು ಇಷ್ಟ ವರ್ಷದಿಂದ ಈ ಸಭಾಕ್ಕ ಬರಾಕತ್ತೈತಂತ. ಅದಕ್ಕ ಉತ್ತರಾ ಕೊಟ್ಟಾಕಿ ನೀನ ಮೊದಲಂತ!"

ಆಮೇಲೆ ಊಟ, ಮಾತು, ಮುತ್ತು. ಅವರಲ್ಲಿ ಸಂತೋಷಕ್ಕೆ ಕೆನ್ನೆಗೆ ಮೂರು ಮುತ್ತು ಕೊಡುತ್ತಾರೆ. ಗೊತ್ತಿಲ್ಲದ ನಾನು ಎರಡಕ್ಕೇ ಮುಖ ತಿರುಗಿಸಿ ಮೂರನೆಯದನ್ನು ಮೂಗಿಗೆ ಹೊಡೆಸಿಕೊಂಡೆ. ಕೋಲಿನ ಹೆಣ್ಣುಮಗಳು ಹುಡುಕಿಕೊಂಡು ಬಂದಳು. ಭುಜದ ಹಳದಿ ಒರೆಸಿರಲಿಲ್ಲ. ತಪ್ಪಾಯಿತೆಂದು ಕೈಮುಗಿಯಲು ಹೋದೆ. ಆಕೆ ಬಗ್ಗಿ, ಹಣೆಯ ಕೂದಲು ಹಿಂದೆ ಸರಿಸಿ, ಹಚ್ಚು ಎಂದು ಬೆರಳಿನಿಂದ ತೋರಿಸಿದಳು. ಹಚ್ಚಿದೆ. ಕೋಲನ್ನು ನನ್ನ ಕೈಗೆ ಕೊಟ್ಟಳು. ಭಾರವಿತ್ತು. ಒಮ್ಮೆ ಮೆಲ್ಲಗೆ ಅಲ್ಲಾಡಿಸಿದೆ, ಝಲ್ ಎಂದಿತು. ಈ ಸಲ ಇಬ್ಬರೂ ಕೂಡಿಯೇ ಕೂಗಿದೆವು. ಆಕೆಯ ಚಾಂಗಭಲೋ ಸ್ವಲ್ಪ ಸೊಟ್ಟಗಿತ್ತು, ನನ್ನ ಇಂಗ್ಲಿಷಿನ ಹಾಗೆ.

ಕರದಂಟು ಮುಗಿಯಿತು. ಒಬ್ಬರೂ ಒಂದಕ್ಕೆ ನಿಲ್ಲಲಿಲ್ಲ. ಆದರೆ ಆ ಮಾತು, ಇಷ್ಟು ದಿನ ಬಾಯಿಪಾಠ ಮಾಡಿದ ಆ ಒಂದೇ ಮಾತು, ಗಂಟಲಲ್ಲೇ ಉಳಿಯಿತು. ಹೊತ್ತು ಮುಗಿದ ಮೇಲೆ ಓದುವ ಹಾಗಿಲ್ಲವಂತೆ. ಹಾಗೆಯೇ ಹೊತ್ತುಕೊಂಡು ವಿಮಾನ ಹತ್ತಿದೆ.

ಮತ್ತೆ ಕ್ರಾಸ್

ಕುಳಗೇರಿ ಕ್ರಾಸಿನಲ್ಲಿ ಇಳಿದಾಗ ಮುಂಜಾನೆಯ ಬಿಸಿಲು. ಚಹಾದಂಗಡಿಯವನು ದೂರದಿಂದಲೇ ಕೂಗಿದ: "ಆಯಿ, ಪಾಸೋ ನಪಾಸೋ?"

"ಪಾಸ್! ಡಾಕ್ಟರ್! ನಿನ್ನ ನೆಗಡಿಗಿ ಗುಳಗಿ ಕೊಡೂ ಡಾಕ್ಟರ್ ಅಲ್ಲಪಾ, ಚುಕ್ಕಿ ಡಾಕ್ಟರ್!"

ಎದುರಿನಿಂದ ಧೂಳೆದ್ದಿತು. ನಮ್ಮ ಯಜಮಾನರು ನನ್ನನ್ನು ಕರೆದೊಯ್ಯಲು ಹಿಂಡನ್ನೇ ಹೊಡೆದುಕೊಂಡು ಬಂದಿದ್ದರು. "ಕುರಿ ಬಿಟ್ಟು ಬರಾಕ ಆಕ್ಕಿತ್ತೇನ?" ಎಂದು ಆಮೇಲೆ ಸಬೂಬು ಹೇಳಿದರು. ಹಿಂಡು ರಸ್ತೆ ದಾಟತೊಡಗಿತು. ಅಷ್ಟರಲ್ಲಿ ಒಂದು ಬಸ್ಸು ಬಂದು, ಗುರುಗುಟ್ಟುತ್ತ, ಸಾಲಿನ ನಡುವೆ ಮೂತಿ ತೂರಿಸಲು ನೋಡಿತು. ಗಂಟು ಕೆಳಗಿಟ್ಟು ನಾನು ಬಸ್ಸಿನ ಎದುರಿಗೆ ಹೋಗಿ ನಿಂತೆ. ಹೇಳಿದೆನಲ್ಲ, ನಿಲ್ಲುವುದು ನನ್ನ ಕಸುಬು.

ಡ್ರೈವರ್ ಇಂಜಿನ್ ಆರಿಸಿದ. ಕಂಡಕ್ಟರ್ ಬಾಗಿಲಿಗೆ ಜೋತು ಕೇಳಿದ, ಎಲ್ಲ ಕಂಡಕ್ಟರರೂ ಕೇಳುವುದನ್ನೇ: "ಇನ್ನ ಎಷ್ಟ ಅದಾವ ಆಯಿ ಕುರಿ?"

ಸುತ್ತ ನೋಡಿದೆ. ಯಾವ ಬಾಗಿಲೂ ತೆರೆಯಲಿಲ್ಲ, ಎಲ್ಲೂ ಗೆಜ್ಜೆ ಸದ್ದಿಲ್ಲ. ಕಂಬಳಿ ಸರಿಮಾಡಿಕೊಂಡು ಉಸಿರು ತುಂಬಿಕೊಂಡೆ.

"ಎ ಫ್ಲಾಕ್ ಕ್ಯಾನ್ ಬಿ ನೋನ್ ವಿದೌಟ್ ಕೌಂಟಿಂಗ್!"

ಪೂರ್ತಿ ಬಂತು. ಒಂದಕ್ಷರವೂ ಉದುರಲಿಲ್ಲ. ಬಸ್ಸಿನೊಳಗಿನವರು ಕಿಟಕಿಗೆ ಮುಖ ಒತ್ತಿದರು. ಕಂಡಕ್ಟರನ ಬಾಯಿ ತೆರೆದೇ ಇತ್ತು. ಹಿಂಡು ಮುಂದಿನ ಟಗರಿನಿಂದ ಕಡೆಯ ಕುಂಟಮರಿಯವರೆಗೆ ಎಲ್ಲೂ ತೆರಪಿಲ್ಲದೆ ದಾಟಿತು.

ಸಂಚಿಯಲ್ಲಿ ಇನ್ನೂ ಒಂದು ಹಿಡಿ ಭಂಡಾರ ಉಳಿದಿತ್ತು. ತಡೆದು ನಿಂತ ಬಸ್ಸಿನ ಮೂತಿಗೆ ಅದನ್ನು ಹಾರಿಸಿ, ದಾರಿ ಬಿಟ್ಟೆ.